ಉಚಿತ ಪಾಠ ನಿಲ್ಲುವ ಜಾಗ

ಜೂನ್ ೩, ಮಂಗಳವಾರ

ಇವತ್ತು ನಮ್ಮ ಧ್ಯಾನದ ಆ್ಯಪ್‌ಗೆ ಹೊಸ ಪಾಠದ ರೆಕಾರ್ಡಿಂಗ್. ಸ್ಟುಡಿಯೋ ಎಂದರೆ ದೊಡ್ಡದೇನಲ್ಲ, ಕಚೇರಿಯ ಮೂಲೆಯಲ್ಲಿ ಬೀರುವಿನಷ್ಟು ಅಗಲದ ಒಂದು ಗೂಡು. ಒಳಗೆಲ್ಲ ಬೂದುಬಣ್ಣದ ಸ್ಪಂಜು. ಬಾಗಿಲು ಹಾಕಿಕೊಂಡರೆ ನನ್ನ ಎದೆಬಡಿತ ನನಗೇ ಕೇಳುತ್ತದೆ. ಗಾಜಿನಾಚೆ ಧ್ವನಿ ತಂತ್ರಜ್ಞ ಕೂತಿರುತ್ತಾನೆ. ಅವನನ್ನು ಎಲ್ಲರೂ ‘ಕಿವಿ’ ಎಂದೇ ಕರೆಯುವುದು, ಅವನೂ ಓಗೊಡುತ್ತಾನೆ. ನನ್ನ ಸಾಲುಗಳ ನಡುವೆ ಕೇಳಿಬರುವ ಉಸಿರನ್ನು ಹೆಕ್ಕಿ ತೆಗೆಯುವುದು ಅವನ ಕೆಲಸಗಳಲ್ಲೊಂದು. “ನೀವು ಉಸಿರಾಡೋದು ಕೇಳಿಸಿದ್ರೆ ಜನರಿಗೆ ಕಿರಿಕಿರಿ ಆಗತ್ತಂತೆ ಮೇಡಂ” ಎಂದು ಮೊದಲ ದಿನವೇ ಹೇಳಿದ್ದ. ಉಸಿರಿನ ಧ್ಯಾನ ಹೇಳಿಕೊಡುವವಳಿಗೇ ಉಸಿರಿಲ್ಲ ಎಂದು ಆಗ ನಕ್ಕಿದ್ದೆ. ಈಗ ಅಭ್ಯಾಸವಾಗಿದೆ. ಅವನ ಕೆಲಸ ಹಗುರಾಗಲಿ ಎಂದು ಸಾಲು ಮುಗಿಯುವವರೆಗೆ ನಾನೇ ಉಸಿರು ಬಿಗಿಹಿಡಿದು ಓದುತ್ತೇನೆ.

ಹೊಸ ಪಾಠದಲ್ಲಿ ಒಂದು ಸಣ್ಣ ಬದಲಾವಣೆ. ಇದುವರೆಗೆ ನನ್ನ ಗುರುಗಳಾದ ಡಾಕ್ಟರು ಕಲಿಸಿದ ಕ್ರಮವೇ ಇತ್ತು: ಮೊದಲು ಉಸಿರು ಬಿಡುವುದು, ಆಮೇಲೆ ತೆಗೆದುಕೊಳ್ಳುವುದು. ಇನ್ನು ಮುಂದೆ ಮೊದಲು ತೆಗೆದುಕೊಳ್ಳಬೇಕು, ಹಿಡಿಯಬೇಕು, ಆಮೇಲೆ ಬಿಡಬೇಕು. ಉಚಿತವಾಗಿ ಸಿಗುವ ಭಾಗ “ಹಿಡಿಯಿರಿ” ಎನ್ನುವಲ್ಲಿಗೆ ನಿಲ್ಲುತ್ತದೆ. ಒಮ್ಮೆ ಗಂಟೆ ಬಾರಿಸಿದ ನಾದ, ಆಮೇಲೆ “ಮುಂದುವರಿಯಲು ಚಂದಾದಾರರಾಗಿ” ಎಂಬ ಕೋರಿಕೆ. ಅದೂ ನನ್ನದೇ ಧ್ವನಿ.

“ಮುಂದೇನು ಅನ್ನೋ ಜಾಗದಲ್ಲೇ ನಿಲ್ಲಿಸ್ಬೇಕು ಮೇಡಂ” ಎಂದರು ಸರ್. “ಧಾರಾವಾಹಿಯವರಿಗೆ ಗೊತ್ತಿರೋದು ನಮಗೆ ಗೊತ್ತಿಲ್ದೆ ಹೋದ್ರೆ ಹೇಗೆ?”

ಸಂಸ್ಥೆ ಕಟ್ಟಿದವರು ಅವರು, ನನಗಿಂತ ಚಿಕ್ಕವರು. ನಾವಿಬ್ಬರೂ ಒಂದೇ ಕಡೆ ಕಲಿತವರು. ನಮ್ಮ ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ, ಸ್ಕೂಟರುಗಳ ನಡುವೆ, ನಿವೃತ್ತ ಹಲ್ಲಿನ ಡಾಕ್ಟರೊಬ್ಬರು ದಿನಾ ಬೆಳಿಗ್ಗೆ ಹೇಳಿಕೊಡುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಈಗ ಅವರಿಲ್ಲ.

ಬದಲಾವಣೆ ತಪ್ಪೇನಲ್ಲ. ಗ್ರಾಹಕರು ಉಳಿದರೆ ತಾನೇ ಪಾಠ ಉಳಿಯುವುದು.

ಜೂನ್ ೫, ಗುರುವಾರ

ಅಕ್ಕನ ಮುಖವಾಡ ತಯಾರಾಯಿತು.

ಅವಳ ಧ್ವನಿಪೆಟ್ಟಿಗೆಯಲ್ಲಿ ಗಂಟು. ಆರು ವಾರ, ವಾರಕ್ಕೆ ಐದು ದಿನ ರೇಡಿಯೇಷನ್. ಕಿರಣ ಒಂದೇ ಜಾಗಕ್ಕೆ ಬೀಳಬೇಕಾದ್ದರಿಂದ ತಲೆ ಒಂದಿಷ್ಟೂ ಅಲುಗಬಾರದು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಬಲೆಯನ್ನು ಅವಳ ಮುಖದ ಮೇಲೆ ಹಾಸಿ ಹಣೆ, ಮೂಗು, ಗಲ್ಲ, ಕತ್ತಿನ ಆಕಾರಕ್ಕೆ ಒತ್ತಿದರು. ಆರಿದಂತೆ ಅದು ಗಟ್ಟಿಯಾಯಿತು. ಅಂಚುಗಳನ್ನು ಟಕ್ ಟಕ್ ಎಂದು ಮೇಜಿಗೆ ಸಿಕ್ಕಿಸಿದರು. ನಾನು ಬಾಗಿಲ ಬಳಿ ನಿಂತು ಒಂದೊಂದು ಟಕ್ಕನ್ನೂ ಎಣಿಸಿದೆ.

ಹೊರಗೆ ಬಂದವಳು ಬಲೆಯ ಗುರುತು ಬಿದ್ದ ಕೆನ್ನೆ ಉಜ್ಜಿಕೊಳ್ಳುತ್ತ, “ನನ್ನ ಮೂಗು ಇಷ್ಟು ದಪ್ಪ ಅಂತ ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ಲ ನೋಡು. ಎಲ್ಲಾ ಮೋಸಗಾರರು” ಎಂದಳು. ಧ್ವನಿ ಆಗಲೇ ಒಡೆದ ಕೊಳವೆಯಂತಾಗಿದೆ. ಇಡೀ ಮೈದಾನಕ್ಕೆ ಕೇಳುವಂತೆ ಆಜ್ಞೆ ಕೊಡುತ್ತಿದ್ದ ಡ್ರಿಲ್ ಟೀಚರ್ ಅವಳು. ಕತ್ತಿನಲ್ಲಿ ಈಗಲೂ ಸೀಟಿ ನೇತಾಡುತ್ತಿರುತ್ತದೆ.

“ಮಲಗಿರುವಾಗ ಮಾಡೋಕೆ ಉಸಿರಿನ ಅಭ್ಯಾಸ ಹೇಳಿಕೊಡ್ಲಾ ಅಕ್ಕ?” ಎಂದೆ.

“ನಿನ್ನ ಜೋಗುಳ ನಂಗೆ ಬೇಡ ಪುಟ್ಟಿ. ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸಿದೋಳು ನಾನು. ಅಲುಗದೆ ಮಲಗೋದೇನು ಮಹಾ.”

ಸಂಸ್ಥೆಯ ವಿಮೆಯಲ್ಲಿ ಒಡಹುಟ್ಟಿದವರನ್ನು ಸೇರಿಸುವಂತಿರಲಿಲ್ಲ. ಸರ್ ತಾವೇ ಹತ್ತಾರು ಸಲ ಮಾತಾಡಿ ಅಕ್ಕನ ಹೆಸರು ಸೇರುವಂತೆ ಮಾಡಿದರು. ಇದನ್ನು ನಾನು ಮರೆಯಬಾರದು. ಮರೆಯುವುದೂ ಇಲ್ಲ.

ಜೂನ್ ೯, ಸೋಮವಾರ

ಆಗಲಿಲ್ಲ.

ರೇಡಿಯೇಷನ್ ಕೋಣೆಯೊಳಗೆ ಅಕ್ಕನೊಬ್ಬಳೇ. ಟೆಕ್ನಿಷಿಯನ್ ಮೇಡಂ ಹೊರಗೆ ಪರದೆಯಲ್ಲಿ ನೋಡುತ್ತಿರುತ್ತಾರೆ. ತೊಂದರೆಯಾದರೆ ಅದುಮಲು ಅಕ್ಕನ ಕೈಗೊಂದು ರಬ್ಬರ್ ಚೆಂಡು. ಯಂತ್ರ ಶುರುವಾಗುವ ಮೊದಲೇ ಅದುಮಿದಳು. ಮತ್ತೆ ಪ್ರಯತ್ನ, ಮತ್ತೆ ಅದುಮಿದಳು. ಮೂರನೆಯ ಸಲ ಮುಖವಾಡ ತೆಗೆದಾಗ ಅವಳ ಮುಖ ಕೆಂಪಗೆ ಉಬ್ಬಿತ್ತು, ನೀರೊಳಗಿಂದ ಎದ್ದು ಬಂದವಳ ಹಾಗೆ.

ಏನಾಯಿತು ಎಂದು ಕೇಳಿದರೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಜೂನ್ ೧೦, ಮಂಗಳವಾರ

ಇವತ್ತೂ ಆಗಲಿಲ್ಲ. ಆಸ್ಪತ್ರೆಯ ಡಾಕ್ಟರು ಕೂರಿಸಿಕೊಂಡು ಹೇಳಿದರು: ಈ ವಾರದೊಳಗೆ ಶುರುವಾಗದಿದ್ದರೆ ಬೇರೆ ದಾರಿಯಿಲ್ಲ, ಶಸ್ತ್ರಚಿಕಿತ್ಸೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ.

“ತೆಗೀರಿ. ಮಾತಾಡಿದ್ದು ಸಾಕಾಗಿದೆ. ಸೀಟಿ ಇದೆಯಲ್ಲ” ಎಂದಳು ಅಕ್ಕ.

“ಸೀಟಿನೂ ಊದೋಕಾಗಲ್ಲಮ್ಮ. ಆಮೇಲೆ ಉಸಿರು ಬಾಯಿಗೆ ಬರಲ್ಲ, ಕತ್ತಲ್ಲೇ ಆಡತ್ತೆ.”

ಅಕ್ಕ ಸೀಟಿಯನ್ನು ರವಿಕೆಯೊಳಗೆ ಸೇರಿಸಿಕೊಂಡಳು.

ಕಾಯುವ ಕೋಣೆಯಲ್ಲಿ ಟ್ಯಾಕ್ಸಿ ಓಡಿಸುವವರೊಬ್ಬರು ನನ್ನ ಧ್ವನಿಯ ಗುರುತು ಹಿಡಿದರು. “ಮೇಡಂ, ‘ಕಣ್ಣು ಮೆಲ್ಲಗೆ ಮುಚ್ಚಿ’ ಅನ್ನಿ ನೋಡೋಣ” ಎಂದರು. ಅಂದೆ. “ಅದೇ! ಸ್ಟ್ಯಾಂಡಲ್ಲಿ ಗಿರಾಕಿ ಇಲ್ದಾಗ ನಿಮ್ಮನ್ನೇ ಕೇಳೋದು. ಫ್ರೀ ಇರೋವಷ್ಟು.” ಅವರಿಗೂ ಗಂಟಲಿಗೇ ‘ಕರೆಂಟು’. ರೇಡಿಯೇಷನ್ನಿಗೆ ಹಾಗೆಂದೇ ಎಲ್ಲರೂ ಇಲ್ಲಿ ಅನ್ನುವುದು. “ಈಗ ಹೊಸದು ಬಂದಿದೆಯಲ್ಲ, ಅದರಲ್ಲಿ ಹಿಡ್ಕೊಂಡ ಮೇಲೆ ಏನು ಬರತ್ತೆ ಮೇಡಂ?”

“ಆ್ಯಪ್‌ನಲ್ಲೇ ಇದೆ” ಎಂದೆ.

ಅವರು ತಲೆಯಾಡಿಸಿದರು. ನಾನು ಅಷ್ಟು ಹೊತ್ತೂ ನೀರಿನ ಫಿಲ್ಟರನ್ನು ನೋಡುತ್ತಿದ್ದೆ ಎಂದು ಆಮೇಲೆ ಹೊಳೆಯಿತು.

ಜೂನ್ ೧೧, ಬುಧವಾರ

ಬಟ್ಟೆ ಒಣಹಾಕಿ ಬರುವಾಗ ಅಕ್ಕನ ಕೋಣೆಯೊಳಗಿಂದ ನನ್ನ ಧ್ವನಿ ಕೇಳಿತು. “ಉಸಿರನ್ನು ನಿಧಾನವಾಗಿ ಒಳಗೆ ತೆಗೆದುಕೊಳ್ಳಿ. ಹಿಡಿಯಿರಿ.” ಗಂಟೆಯ ನಾದ. ಚಂದಾದಾರರಾಗಿ. ಆಮೇಲೆ ಸದ್ದಿಲ್ಲ.

ಬಾಗಿಲು ತಳ್ಳಿದೆ. ಅಕ್ಕ ಮಂಚದ ಮೇಲೆ ನೆಟ್ಟಗೆ ಮಲಗಿದ್ದಾಳೆ, ಎರಡೂ ಕೈ ಪಕ್ಕಕ್ಕೆ, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಕೊನೆಗೆ ಭುಸ್ಸೆಂದು ಬಿಟ್ಟು, ಕೆಮ್ಮಿ, ನನ್ನನ್ನು ನೋಡಿದಳು. ಕದ್ದು ಸಕ್ಕರೆ ತಿನ್ನುವಾಗ ಸಿಕ್ಕಿಬಿದ್ದ ಮಗುವಿನ ಮುಖ.

“ಅಕ್ಕ, ಮುಖವಾಡದೊಳಗೂ ಇದನ್ನೇ ಮಾಡ್ತಿದ್ಯಾ?”

“ಮತ್ತೇನು? ಹಿಡಿ ಅಂತೀಯ, ಹಿಡೀತೀನಿ. ಎಷ್ಟು ಹಿಡಿದ್ರೂ ಸಮಾಧಾನ ಮಾತ್ರ ಬರಲ್ಲ. ನಂಗೆ ಧ್ಯಾನ ಹತ್ತಲ್ಲ ಅಂದ್ಕೊಂಡೆ.”

“ಆಮೇಲೆ ಬಿಡಬೇಕು.”

“ಅದನ್ನ ಎಲ್ಲಿ ಹೇಳಿದೀಯ?”

ಅವಳಿಗೆ ಪೂರ್ತಿ ಪಾಠ ಕೊಡಿಸುವುದು ನನಗೆ ಕಷ್ಟವಾಗಿರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ. ಅವಳು ಕೇಳುವವಳಲ್ಲ ಎಂಬುದು ನನಗೆ ಗೊತ್ತಿಲ್ಲದ್ದೂ ಅಲ್ಲ. ಇದೇ ನೆಪದಲ್ಲಿ ಪೂರ್ತಿ ಪಾಠ ಹಾಕಿ ಕೇಳಿದೆ. ಭುಜ ಅಲುಗಿಸಿ, ಬಾಯಿ ತೆರೆದು ಉಸಿರು ಬಿಡಿ ಎನ್ನುತ್ತದೆ. ಮುಖವಾಡದೊಳಗೆ ಬಾಯಿ ತೆರೆಯಲಾಗದು. ಎದುರಿಗಿರುವವರ ಮುಖ ನೋಡಿ ಹೇಳಬೇಕಾದ ಮಾತುಗಳನ್ನು ನಾನು ಸ್ಪಂಜು ನೋಡಿಕೊಂಡು ಹೇಳಿದ್ದೇನೆ.

ಅವಳ ಪಕ್ಕ ಕೂತು ನೆಲಮಾಳಿಗೆಯ ಡಾಕ್ಟರ ಹಾಗೆ ಶುರುಮಾಡಿದೆ. “ಮೊದಲು ಬಿಡು. ಒಳಗಿರೋದೆಲ್ಲ ಹೋಗಲಿ. ಪೂರ್ತಿ. ಇನ್ನು ಸುಮ್ನಿರು, ಅದಾಗೇ ಬರತ್ತೆ.”

“ಇಷ್ಟೇನಾ?” ಎಂದಳು ನಾಲ್ಕಾರು ಸಲ ಹಾಗೆ ಉಸಿರಾಡಿದ ಮೇಲೆ. “ಇದಕ್ಕೆ ದುಡ್ಡು ತಗೋತಾರಾ ನಿಮ್ಮೋರು?”

ಜೂನ್ ೧೨, ಗುರುವಾರ

ಆಯಿತು. ಒಂದು ಸಲವೂ ಚೆಂಡು ಅದುಮಲಿಲ್ಲ.

ಒಳಗೆ ಕರೆಯುವ ಮೊದಲು ಕಾಯುವ ಕೋಣೆಯಲ್ಲೇ ಅವಳಿಗೆ ಮೆಲ್ಲಗೆ ಹೇಳಿಕೊಡುತ್ತಿದ್ದೆ. ಆ ಕೋಣೆ ನೆಲದ ಕೆಳಗಿದೆ, ಕಿಟಕಿಯಿಲ್ಲ. ಗೋಡೆಗೆ ಮೀನುಗಳ ದೊಡ್ಡ ಚಿತ್ರ, ಸದ್ದಿಲ್ಲದ ಟಿವಿ. ಕಣ್ಣು ತೆರೆದರೆ ಟ್ಯಾಕ್ಸಿಯವರು ಕುರ್ಚಿಯನ್ನು ನಮ್ಮತ್ತ ತಿರುಗಿಸಿಕೊಂಡಿದ್ದಾರೆ, ಬೇಕರಿ ನಡೆಸುವ ಹೆಂಗಸು ಚೀಲ ಮಡಿಲಲ್ಲಿಟ್ಟು ಕಣ್ಣು ಮುಚ್ಚಿದ್ದಾರೆ.

“ನಮಗೇನೂ ಹೇಳಿಕೊಡ್ಬೇಡಿ ಮೇಡಂ, ನೀವು ಅಕ್ಕಂಗೇ ಹೇಳಿ. ನಾವು ಸುಮ್ನೆ ಇಲ್ಲಿರ್ತೀವಿ” ಎಂದರು ಟ್ಯಾಕ್ಸಿಯವರು.

ಸಂಸ್ಥೆಯೊಂದಿಗಿನ ಕರಾರು ನನಗೆ ಬಾಯಿಪಾಠ. ಹೊರಗೆ ಯಾರಿಗೂ, ದುಡ್ಡಿಗಾಗಲಿ ಹಾಗೇ ಆಗಲಿ, ಕಲಿಸುವಂತಿಲ್ಲ. ಅಕ್ಕನಿಗೆ ಹೇಳಿದರೆ ಅದು ಕಲಿಸಿದಂತಲ್ಲ. ಉಳಿದವರು ಕೇಳಿಸಿಕೊಂಡರೆ ನಾನೇನು ಮಾಡಲಿ? ಹೀಗೆಲ್ಲ ವಾದಿಸಿಕೊಂಡೆ. ವಾದ ಚೆನ್ನಾಗಿಯೇ ಇತ್ತು, ಅದಕ್ಕೇ ಅನುಮಾನ.

ಜೂನ್ ೨೦, ಶುಕ್ರವಾರ

ಸರ್ ಕರೆಸಿದ್ದರು. ರೋಗಿಯ ಕಡೆಯವರು ಯಾರೋ ಕಾಯುವ ಕೋಣೆಯಲ್ಲಿ ನಾನು ಹೇಳಿಕೊಡುವುದರ ವಿಡಿಯೋ ಮಾಡಿ, ಪುಣ್ಯಾತ್ಗಿತ್ತಿ ಎಂದೆಲ್ಲ ಹೊಗಳಿ ಹಂಚಿದ್ದಾರೆ. ಸ್ಟ್ಯಾಂಡಿನಲ್ಲೂ ಇವರನ್ನೇ ಕೇಳುವುದು ಎಂದು ಟ್ಯಾಕ್ಸಿಯವರು ಅದರಲ್ಲಿ ಹೇಳಿದ್ದಾರೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಟೀ ತರಿಸಿದರು.

“ಡಾಕ್ಟರು ಹೋದ್ಮೇಲೆ ಆ ನೆಲಮಾಳಿಗೇಲಿ ಈಗ ಏನಿದೆ ಹೇಳಿ ಮೇಡಂ.”

“ಸ್ಕೂಟರು.”

“ಸ್ಕೂಟರು. ಅವರು ಬಿಟ್ಟಿ ಹೇಳಿಕೊಟ್ರು, ಅವರ ಜೊತೆಗೇ ಮುಗೀತು. ನಾನು ದುಡ್ಡು ತಗೊಂಡೆ, ಅದಕ್ಕೇ ಇವತ್ತು ಟ್ಯಾಕ್ಸಿಯವನ ಕಿವಿವರೆಗೂ ಹೋಗಿದೆ. ಕೊನೇ ವರ್ಷ ಎಷ್ಟು ಜನ ಬರ್ತಿದ್ವಿ ಅಲ್ಲಿಗೆ? ನೀವು, ನಾನು, ಒಂದು ನಾಯಿ.”

“ನಾಯಿ ತಪ್ಪದೆ ಬರ್ತಿತ್ತು” ಎಂದೆ. ಇಬ್ಬರೂ ನಕ್ಕೆವು.

ಅವರ ಮಾತಿನಲ್ಲಿ ಸುಳ್ಳಿಲ್ಲ. ಡಾಕ್ಟರದ್ದೂ ಪೂರ್ತಿ ಬಿಟ್ಟಿಯಾಗಿರಲಿಲ್ಲ. ತಡವಾಗಿ ಹೋದರೆ ಉಗಿಯುತ್ತಿದ್ದರು. ಅವರ ಔಷಧಿ ತಂದುಕೊಡುವುದು, ಬ್ಯಾಂಕಿನ ಕೆಲಸ, ಎಲ್ಲ ನಾವೇ ಮಾಡುತ್ತಿದ್ದೆವು. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ದುಡ್ಡು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಉಪಕಾರ ಮುಗಿಯುವುದಿಲ್ಲ.

ಕೊನೆಗೆ ವಿಷಯಕ್ಕೆ ಬಂದರು. ಆಸ್ಪತ್ರೆಗಳಿಗಾಗಿಯೇ ಒಂದು ಹೊಸ ಕಾರ್ಯಕ್ರಮ ಮಾಡೋಣ, ನನ್ನ ಧ್ವನಿಯಲ್ಲೇ. ಅಲ್ಲಿಯವರೆಗೆ ಕಾಯುವ ಕೋಣೆಯಲ್ಲಿ ಬಾಯಿ ಬಿಡಬಾರದು. “ಆಗಬಹುದಲ್ವಾ ಮೇಡಂ?”

ನಾನು ಎದ್ದಾಗ, “ಅಕ್ಕ ಹೇಗಿದಾರೆ? ಇನ್ನೂ ಒಂದು ತಿಂಗಳು ಇದೆ ಅಲ್ವಾ ಟ್ರೀಟ್‌ಮೆಂಟು?” ಎಂದು ಕೇಳಿದರು. ನಿಜವಾದ ಕಾಳಜಿಯಿಂದಲೇ ಕೇಳಿದರು. ನನಗೆ ಮಾತ್ರ ಟಕ್ ಟಕ್ ಎಂದು ಕೇಳಿಸಿತು.

ಆಗಬಹುದು ಎಂದೆ.

ಜೂನ್ ೨೩, ಸೋಮವಾರ

ಇನ್ನು ಹೇಳಿಕೊಡಲಾಗದು ಎಂದು ಕಾಯುವ ಕೋಣೆಯಲ್ಲಿ ಹೇಳಿದೆ. ಕೆಲಸದ ಕಡೆ ತೊಂದರೆ ಎಂದೆ. ಬೇಕರಿಯವರು ನನ್ನ ಕೈಗೊಂದು ಬನ್ನು ಕೊಟ್ಟು, “ಹೊಟ್ಟೆಪಾಡು ಎಲ್ಲರಿಗೂ ಒಂದೇಮ್ಮ” ಎಂದರು. ಬೈದಿದ್ದರೆ ವಾಸಿಯಿತ್ತು.

ಅಕ್ಕ ಬಿಡಲಿಲ್ಲ. ಮೂಲೆಗೆ ಕರೆದು ಪಿಸುಗುಟ್ಟಿದಳು. ಈಗ ಇರುವುದೇ ಪಿಸುಮಾತು.

“ಯಾರ ಕೈಕಾಲು ಕಟ್ಟಿಹಾಕಿರೋದು ಇಲ್ಲಿ, ನಂದಾ ನಿಂದಾ?”

“ಅಕ್ಕ, ನಿನ್ನ ಟ್ರೀಟ್‌ಮೆಂಟ್ ಅವರ ವಿಮೇಲಿ ನಡೀತಿದೆ.”

“ಓಹೋ, ನನ್ನ ತಲೆಗೆ ಕಟ್ಟು.”

“ಮತ್ತಿನ್ಯಾರ ತಲೆಗೆ ಕಟ್ಟಲಿ?”

ಅವಳು ಕುರ್ಚಿಗಳ ನಡುವೆ ಹೋಗಿ ನಿಂತು ಚಪ್ಪಾಳೆ ತಟ್ಟಿದಳು. “ಎಲ್ಲಾ ನೆಟ್ಟಗೆ ಕೂತ್ಕೊಳ್ಳಿ. ನನ್ನ ತಂಗಿ ಸಂಬಳದೋಳು. ನನ್ನ ಹತ್ರ ಯಾರೂ ಸಹಿ ಹಾಕಿಸ್ಕೊಂಡಿಲ್ಲ. ಮೊದಲು ಬಿಡೋದು. ರೀ ಟ್ಯಾಕ್ಸಿ, ಗೂನು ಬೆನ್ನು ಯಾಕೆ? ಸ್ಟೇರಿಂಗ್ ಇಲ್ಲ ಇಲ್ಲಿ.”

ಧ್ಯಾನವೋ ಕವಾಯತೋ ಗೊತ್ತಾಗಲಿಲ್ಲ. ಕೈ ಕೆಳಗಿಳಿಸಿದರೆ ಎಲ್ಲರೂ ಉಸಿರು ಬಿಡಬೇಕು, ಕೈ ಸಡಿಲಬಿಟ್ಟರೆ ಉಸಿರನ್ನು ಅದರ ಪಾಡಿಗೆ ಬಿಡಬೇಕು. ನಾನು ಫಿಲ್ಟರಿನ ಪಕ್ಕ ಬನ್ನು ಹಿಡಿದು ಕೂತಿದ್ದೆ. ಸಂಸ್ಥೆಯ ಪಾಠವನ್ನು ಹೀಗೆ ಯಾರಾದರೂ ಹಾಳುಮಾಡಿದ್ದರೆ ನನಗೆ ಸಿಟ್ಟು ಬರಬೇಕಿತ್ತು.

ಜುಲೈ ೧, ಮಂಗಳವಾರ

ಅಕ್ಕನ ಪಿಸುಮಾತೂ ನಿಂತಿದೆ. ಗಂಟಲೊಳಗೆಲ್ಲ ಸುಟ್ಟಂತಾಗಿದೆ, ನೀರು ನುಂಗುವುದೂ ಕಷ್ಟ. ಕಿರಣದಿಂದ ಹೀಗಾಗುವುದು ಸಹಜ, ಆಮೇಲೆ ಸರಿಹೋಗುತ್ತದೆ ಎನ್ನುತ್ತಾರೆ. ಈಗ ಬರೀ ಕೈಸನ್ನೆಯಲ್ಲಿ ಪಾಠ.

ಇವತ್ತು ಹೊಸಬಳೊಬ್ಬಳು ಬಂದಿದ್ದಳು, ಮೊದಲ ದಿನ. ಅಕ್ಕನ ಕೈ ನೋಡಲು ಅವಳಿಗೆ ಕಣ್ಣೇ ನಿಲ್ಲುತ್ತಿಲ್ಲ, ಬಾಗಿಲತ್ತಲೇ ಓಡುತ್ತದೆ. ಅಕ್ಕ ನನ್ನತ್ತ ತಿರುಗಿದಳು. ಹೊಸಬಳಿಗೆ ಎರಡು ಮಾತು ಹೇಳಿದೆ, ಅಷ್ಟೇ.

ಬರುವಾಗ ಛತ್ರಿಯನ್ನು ಅಲ್ಲೇ ಮರೆತೆ. ನಾಳೆ ನೆನಪಿನಿಂದ ತರಬೇಕು. ಪೂರ್ತಿ ನೆನೆದರೂ ಯಾಕೋ ಹಸಿವೆಯಾಗಿ ಎರಡು ಸಲ ಬಡಿಸಿಕೊಂಡು ತಿಂದೆ.

ಜುಲೈ ೯, ಬುಧವಾರ

ಆಸ್ಪತ್ರೆ ಕಾರ್ಯಕ್ರಮದ ರೆಕಾರ್ಡಿಂಗ್. ದಿನವೆಲ್ಲ ಹಾಳು. ಬರೆದುಕೊಟ್ಟದ್ದು ಸರಳವಾಗಿಯೇ ಇತ್ತು: ಒಳಗೆ ತೆಗೆದುಕೊಳ್ಳಿ, ಹಿಡಿಯಿರಿ. ಉಚಿತ ಭಾಗ ಅಲ್ಲಿಗೆ ಮುಗಿಯಬೇಕು. ನನ್ನ ಬಾಯಲ್ಲಿ “ಮೊದಲು ಬಿಡಿ” ಎಂದೇ ಬರುತ್ತಿತ್ತು.

“ಮೇಡಂ, ತಪ್ಪು ಓದಿದ್ರಿ” ಎಂದ ಕಿವಿ. ಮತ್ತೆ ಓದಿದೆ, ಮತ್ತೆ ಅದೇ. ಹಾಳೆಯನ್ನು ಹತ್ತಿರ ಹಿಡಿದು ಬೆರಳಿಟ್ಟು ಓದಿದೆ. ಬೆರಳು ‘ಹಿಡಿಯಿರಿ’ ಮೇಲಿದ್ದರೂ ಕಣ್ಣೆದುರು ಬದನೆಕಾಯಿ ಬಣ್ಣದ ಮುಖ. ಆಯಾಸವಿರಬೇಕು, ಆಸ್ಪತ್ರೆ ಅಲೆದಾಟ.

ಸಂಜೆ ಸರ್ ಬಂದು ಕೇಳಿದರು. ಹಿಂದೆ ಮುಂದೆ ಓಡಿಸಿ ಓಡಿಸಿ ಕೇಳಿದರು. “ಇದನ್ನ ಎಲ್ಲಿ ಕತ್ತರಿಸೋದು?”

ಕಿವಿ ಹೆಡ್‌ಫೋನ್ ತೆಗೆಯದೆಯೇ ಹೇಳಿದ: “ಎಲ್ಲಿ ಕತ್ತರಿಸಿದ್ರೂ ಕೇಳೋರು ಆಗ್ಲೇ ಉಸಿರು ಬಿಟ್ಟಿರ್ತಾರೆ ಸರ್. ಮುಂದಿಂದು ಬೇಕೇ ಬೇಕು ಅನ್ನಿಸಲ್ಲ.”

ಸರ್ ಹಾಳೆ ಮಡಚಿ ಮೇಜಿನ ಮೇಲಿಟ್ಟರು. ಅವರನ್ನು ನೋಡಿ ನನಗೆ ಪಾಪ ಎನಿಸಿತು. ಡಾಕ್ಟರ ಎದುರು ಚಾಪೆಯ ಮೇಲೆ, ಕೆಲಸ ಕಳೆದುಕೊಂಡ ದಿನಗಳಲ್ಲಿ, ಕಣ್ಣು ಮುಚ್ಚಿ ಅಳುತ್ತ ಕೂತಿರುತ್ತಿದ್ದ ಹುಡುಗನೇ ಇವರು. ಆಗ ಯಾರೂ ಅವರನ್ನು ಮಧ್ಯದಲ್ಲಿ ಎಬ್ಬಿಸಿರಲಿಲ್ಲ.

“ಸ್ವಲ್ಪ ದಿನ ರಜಾ ತಗೊಳ್ಳಿ ಮೇಡಂ. ತಿಂಗಳ ಕೊನೇಲಿ ನಿಮ್ಮ ಕರಾರು ಮುಗಿಯತ್ತೆ. ಆಗ ಕೂತು ಮಾತಾಡೋಣ.”

ಅಷ್ಟರೊಳಗೆ ಅಕ್ಕನದು ಮುಗಿದಿರುತ್ತದೆ. ಆದರೆ ಗಂಟು ಹೋಗಿದೆಯೋ ಇಲ್ಲವೋ ನೋಡುವ ಸ್ಕ್ಯಾನ್, ಮುಂದಿನ ತಪಾಸಣೆಗಳು? ವಿಮೆಯಿರುವ ಈ ಕೆಲಸವಿಲ್ಲದೆ ಹೇಗೆ? ಒಂದು ಬಾಗಿಲು ಬಿಟ್ಟು ಇನ್ನೊಂದಿಲ್ಲದ ಕೋಣೆಯಲ್ಲಿದ್ದೇನೆ. ಆ ಬಾಗಿಲಿಗೂ ಸ್ಪಂಜು ಅಂಟಿಸಿದ್ದಾರೆ.

ಹೊರಡುವಾಗ ಕಿವಿ, “ಮೇಡಂ, ಇವತ್ತು ನೀವು ಉಸಿರಾಡಿದ್ದು ತುಂಬಾ ಕಡೆ ಕೇಳಿಸ್ತಿದೆ. ತೆಗೀಲಾ?” ಎಂದ.

ಅವನಿಗೇನು ಹೇಳಿದೆನೋ ನೆನಪಾಗುತ್ತಿಲ್ಲ.

ಜುಲೈ ೨೩, ಬುಧವಾರ

ಅಕ್ಕನ ಕೊನೆಯ ದಿನ. ಅಂದರೆ ಮುಖವಾಡದ ಕೊನೆಯ ದಿನ. ಇಂಥ ಮಾತು ಅವಳ ಕಿವಿಗೆ ಬಿದ್ದರೆ ಸೀಟಿ ತೆಗೆದು ಬಾರಿಸುತ್ತಾಳೆ.

ಅವಳನ್ನು ಒಳಗೆ ಕರೆದ ಮೇಲೆ ಕೋಣೆಯಲ್ಲಿ ಉಳಿದವರಿಗೆ ಕೈ ತೋರಿಸುವವರು ಯಾರೂ ಇರಲಿಲ್ಲ. ಹೊಸಬಳು (ಈಗ ಹೊಸಬಳೇನಲ್ಲ), ಬೇಕರಿಯವರು, ಇನ್ನೂ ಮೂರು ನಾಲ್ಕು ಜನ. ಟ್ಯಾಕ್ಸಿಯವರದು ಕಳೆದ ವಾರವೇ ಮುಗಿದಿತ್ತು. ಗಿರಾಕಿಯನ್ನು ಇಳಿಸಿ ಹೋಗುವ ದಾರಿಯಲ್ಲಿ ಬಂದೆ ಎಂದು ಅವರೂ ಕೂತಿದ್ದರು. ಹೇಳಿಕೊಡುತ್ತ ಹೋದೆ. ಹೊಸಬಳ ಭುಜ ಇಳಿಯಲು ಬಹಳ ಹೊತ್ತು ಬೇಕು, ಅವಳಿಗಾಗಿ ನಿಧಾನಿಸಬೇಕು. ಬೇಕರಿಯವರು ನಡುವೆ ನಿದ್ದೆ ಹೋಗುತ್ತಾರೆ, ಅವರನ್ನು ಹಾಗೇ ಬಿಡಬೇಕು.

ಅದೇ ಹೊತ್ತಿಗೆ ಮಡಿಲಲ್ಲಿ ಫೋನು ಅಲುಗತೊಡಗಿತು. ಸರ್. ಕರಾರಿನ ಬಗ್ಗೆ ಇವತ್ತು ಕರೆ ಮಾಡುತ್ತೇನೆ ಎಂದಿದ್ದರು. ನಾನೂ ಬೆಳಗಿನಿಂದ ಅದನ್ನೇ ಕಾಯುತ್ತಿದ್ದೆ, ಏನು ಹೇಳಬೇಕೆಂದು ಬಚ್ಚಲಲ್ಲಿ ನಿಂತು ಎರಡು ಮೂರು ರೀತಿ ಹೇಳಿಯೂ ನೋಡಿದ್ದೆ. ಆದರೆ ಹೊಸಬಳು ಆಗತಾನೇ ಉಸಿರು ಬಿಡಲು ಶುರುಮಾಡಿದ್ದಳು. ಅಂಥ ಜಾಗದಲ್ಲಿ ಎದ್ದು ಹೋಗಲು ಬರುವುದಿಲ್ಲ. ಫೋನು ನಿಂತಿತು, ಮತ್ತೆ ಅಲುಗಿತು, ಮತ್ತೆ ನಿಂತಿತು.

ಎಲ್ಲರೂ ಕಣ್ಣು ತೆರೆಯುವ ಹೊತ್ತಿಗೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೆನ್ನೆಯ ತುಂಬ ಬಲೆಯ ಗುರುತು. ಟೆಕ್ನಿಷಿಯನ್ ಮೇಡಂ ಮುಖವಾಡವನ್ನು ಅವಳಿಗೇ ಕೊಟ್ಟಿದ್ದರು. ಅದನ್ನು ಹೆಲ್ಮೆಟ್ಟಿನಂತೆ ಕಂಕುಳಲ್ಲಿ ಇರುಕಿಕೊಂಡಿದ್ದಳು. ವಾರಗಳಿಂದ ಮಾತಿಲ್ಲದ ಬಾಯಿ ತೆರೆದು, ಹಳೆಯ ಬಾಗಿಲು ಕಿರುಗುಟ್ಟಿದ ಹಾಗೆ, “ಮುಂದಿನವರು” ಎಂದಳು. ಟ್ಯಾಕ್ಸಿಯವರು ಎದ್ದು ನಿಂತೇಬಿಟ್ಟರು, ತಮ್ಮದು ಮುಗಿದಿದೆ ಎಂಬುದನ್ನೂ ಮರೆತು.

ನಗುವಿನಲ್ಲಿ ಸರ್‌ಗೆ ಕರೆ ಮಾಡುವುದು ತಲೆಯಿಂದ ಹಾರಿಹೋಯಿತು. ನಾಳೆ ಮಾಡಿದರಾಯಿತು, ಹತ್ತು ಗಂಟೆಯ ಮೇಲೆ. ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ಹೊಸಬಳ ಸರದಿ ಇದೆ.